ಕರೆಯುವ ಹೆಸರು, ಬರೆಯುವ ಹೆಸರು

ಹುಟ್ಟಿದ ಮಗುವಿಗೆ ಮೊದಲ ಹೆಸರಿಡುವವರು ಹೆರಿಗೆ ವಾರ್ಡಿನ ದಾದಿಯರು. ಪುಟ್ಟ ಮಣಿಕಟ್ಟಿಗೆ ಕಟ್ಟುವ ಪಟ್ಟಿಯಲ್ಲಿ ತಾಯಿಯ ಹೆಸರು ಹಿಡಿದು ‘ಬೇಬಿ ಆಫ್ ಸುಮಿತ್ರಾ’ ಎಂದು ಬರೆದುಬಿಡುತ್ತಾರೆ. ಮೊದಲ ಲಸಿಕೆಯ ಚೀಟಿಯಲ್ಲಿ, ಡಿಸ್ಚಾರ್ಜ್ ಕಾಗದದಲ್ಲಿ ಮಗು ಕೆಲವು ದಿನ ಆ ಹೆಸರಿನಲ್ಲೇ ಇರುತ್ತದೆ. ಅಷ್ಟರಲ್ಲಿ ಜನನ ವರದಿಯ ಫಾರಂ ಬರುತ್ತದೆ. ಅದರಲ್ಲಿ ‘ಮಗುವಿನ ಹೆಸರು’ ಎಂಬುದರ ಮುಂದೆ ಒಂದು ಖಾಲಿ ಗೆರೆ. ಹೊರಗೆ ಬೆಂಚಿನಲ್ಲಿ ಕೂತ ಅಪ್ಪ ನಿದ್ದೆಗೆಟ್ಟ ಕಣ್ಣಿನಲ್ಲಿ ಮೊಬೈಲ್ ತೆಗೆದು ಹೆಸರು ಹುಡುಕಲು ಶುರುಮಾಡುವುದು ಆಗ.

ಆ ಗೆರೆಯನ್ನು ಅಂದೇ ತುಂಬಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆ ಅವಸರ ಮಾಡುವುದು ಹುಟ್ಟಿನ ವಿಷಯಕ್ಕೆ: 21 ದಿನದೊಳಗೆ ಹುಟ್ಟು ದಾಖಲಾಗಬೇಕು. ಹೆಸರನ್ನು ಆಮೇಲೆ ಸೇರಿಸಬಹುದು. ನೋಂದಣಿಯಾದ ದಿನದಿಂದ 12 ತಿಂಗಳವರೆಗೆ ಇದಕ್ಕೆ ಶುಲ್ಕವಿಲ್ಲ. ಅಲ್ಲಿಂದ ಮುಂದೆ 15 ವರ್ಷದವರೆಗೆ ತಡಶುಲ್ಕ ಕಟ್ಟಿ ಸೇರಿಸಬಹುದು. ಆದ್ದರಿಂದ ಹೆಸರು ನಿಶ್ಚಯವಾಗಿಲ್ಲ ಎಂದು ನೋಂದಣಿಯನ್ನು ತಡೆಹಿಡಿಯಬೇಡಿ. ನೋಂದಣಿ ಆಗಬೇಕು ಎಂದು ಬಾಯಿಗೆ ಬಂದ ಹೆಸರನ್ನು ಬರೆಸಲೂ ಬೇಡಿ. ನಾನು ನೋಡಿದ ಹೆಸರಿನ ತಕರಾರುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಈ ಎರಡನೆಯ ಅವಸರದಿಂದ.

ನೋಂದಣಿ ಆಗುವುದು ಹೆರಿಗೆಯಾದ ಊರಿನಲ್ಲಿ, ಮನೆ ಇರುವ ಊರಿನಲ್ಲಲ್ಲ. ನಮ್ಮ ಉಡುಪಿ ಜಿಲ್ಲೆಯ ಹಂಗಾರಕಟ್ಟೆಯ ಹೆಣ್ಣುಮಗಳು ಹೆರಿಗೆಗೆ ಹೋಗುವುದು ಬ್ರಹ್ಮಾವರಕ್ಕೋ ಕುಂದಾಪುರಕ್ಕೋ ಉಡುಪಿ, ಮಣಿಪಾಲಕ್ಕೋ. ಮುಂದೆ ಹೆಸರು ಸೇರಿಸಲು, ತಿದ್ದಿಸಲು, ಪ್ರತಿ ತೆಗೆಸಲು ಹೋಗಬೇಕಾದದ್ದೂ ಆ ಊರಿನ ನೋಂದಣಾಧಿಕಾರಿಯ ಬಳಿಗೇ. ಐರೋಡಿಯಲ್ಲಿ ಮನೆ ಇದೆ, ಅಲ್ಲಿಯ ಪಂಚಾಯತಿಯಲ್ಲೇ ಆದೀತು ಎಂದು ಹೋಗಿ ವಾಪಸು ಬಂದವರಿದ್ದಾರೆ. ಡಿಸ್ಚಾರ್ಜ್ ಆಗುವ ದಿನವೇ ‘ನೋಂದಣಿ ಎಲ್ಲಿ ಆಗುತ್ತದೆ, ನಂಬರು ಯಾವಾಗ ಸಿಗುತ್ತದೆ’ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಹೆಸರಿನ ವಿಚಾರದಲ್ಲಿ ಉಡುಪಿಯ ಸರ್ಕಾರಿ ಹೆರಿಗೆ ಆಸ್ಪತ್ರೆಯದೇ ಒಂದು ಸ್ವಾರಸ್ಯ. ಅದರ ಪೂರ್ಣ ಹೆಸರಿನಲ್ಲಿ ಕೂಸಮ್ಮ ಶಂಭು ಶೆಟ್ಟಿಯವರೂ ಇದ್ದಾರೆ, ಹಾಜಿ ಅಬ್ದುಲ್ಲಾ ಅವರೂ ಇದ್ದಾರೆ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದವರು. ಕೂಸಮ್ಮ ಎಂಬ ಹೆಸರನ್ನು ಇವತ್ತು ಯಾರೂ ಇಡುವುದಿಲ್ಲ. ಆದರೆ ಜಿಲ್ಲೆಯ ಎಷ್ಟೋ ಮಕ್ಕಳು ಹುಟ್ಟುವುದು ಆ ಹೆಸರಿನ ಫಲಕದ ಕೆಳಗೆ.

ಒಂದೇ ಕಾಗದದ ಮೇಲೆ ಇಷ್ಟು ಭಾರ ಏಕೆ?

ಮೊದಲು ಹೀಗಿರಲಿಲ್ಲ. ನಮ್ಮ ಹಿಂದಿನ ತಲೆಮಾರಿನವರಿಗೆ ಶಾಲೆಗೆ ಸೇರಿಸುವ ದಿನ ಮಾಸ್ತರರೇ ಹೆಸರು ಬರೆದುಕೊಂಡರು, ಜನ್ಮದಿನವನ್ನೂ ಅಂದಾಜಿನಲ್ಲಿ ಅವರೇ ಕೊಟ್ಟರು. ಮನೆಯಲ್ಲಿ ‘ಶೀನ’ ಆಗಿದ್ದವನು ಹಾಜರಿ ಪುಸ್ತಕದಲ್ಲಿ ಶ್ರೀನಿವಾಸನಾದ. ಆ ಹೆಸರೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂತು, ಅಲ್ಲಿಂದ ಪಾಸ್‌ಪೋರ್ಟಿಗೂ ಬಂತು. ಜನನ ಪ್ರಮಾಣಪತ್ರ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು.

2023ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಆ ವರ್ಷದ ಅಕ್ಟೋಬರ್ 1ರಿಂದ ತಿದ್ದುಪಡಿ ಜಾರಿಯಲ್ಲಿದೆ. ಅಂದು ಮತ್ತು ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ, ಪಾಸ್‌ಪೋರ್ಟ್, ಆಧಾರ್ ಇವೆಲ್ಲಕ್ಕೂ ಹುಟ್ಟಿದ ದಿನ ಮತ್ತು ಜಾಗಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಹೆಸರು ಹೇಗಿದೆಯೋ ಮುಂದಿನ ಎಲ್ಲ ಕಡೆಗೂ ಹಾಗೆಯೇ ಹೋಗುತ್ತದೆ. ಮಾಸ್ತರರು ಸರಿಪಡಿಸಿಯಾರು ಎಂಬ ಕಾಲ ಮುಗಿಯಿತು.

ಹಾಗಾಗಿ ತಂದೆ ತಾಯಿ ನಿರ್ಧರಿಸಬೇಕಾದ ಸಂಗತಿ ಮೂರು: ಯಾವ ಹೆಸರು, ಅದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಗೆ ಬರೆಯುವುದು, ಅದರ ಹಿಂದೆ ಮುಂದೆ ಏನು ಸೇರಿಸುವುದು. ಮನೆಮಂದಿಯೆಲ್ಲ ಮೊದಲನೆಯದಕ್ಕೆ ತಿಂಗಳುಗಟ್ಟಲೆ ಚರ್ಚೆ ಮಾಡುತ್ತಾರೆ. ಉಳಿದ ಎರಡನ್ನು ಆಸ್ಪತ್ರೆಯ ಕಂಪ್ಯೂಟರ್ ಮುಂದೆ ಕೂತವರಿಗೆ ಬಿಟ್ಟುಬಿಡುತ್ತಾರೆ.

ಹುಡುಕುವುದು ಎಲ್ಲಿಂದ?

ಏಳನೆಯ ತಿಂಗಳ ಹೊತ್ತಿಗೆ ಶುರುಮಾಡಿದರೆ ಸಾಕು. ‘ಹೊಟ್ಟೆಯಲ್ಲಿರುವ ಮಗುವಿಗೆ ಹೆಸರು ಹಿಡಿಯಬಾರದು’ ಎನ್ನುವ ಹಿರಿಯರು ನಮ್ಮ ಕಡೆ ಇನ್ನೂ ಇದ್ದಾರೆ. ಅವರ ಎದುರು ವಾದ ಬೇಡ, ಪಟ್ಟಿಯನ್ನು ಗಂಡ ಹೆಂಡತಿ ನಿಮ್ಮೊಳಗೇ ಇಟ್ಟುಕೊಳ್ಳಿ. ಪಟ್ಟಿ ಎರಡು ಬೇಕು, ಮಾಣಿಗೊಂದು, ಹೆಣ್ಣಿಗೊಂದು. ಭ್ರೂಣದ ಲಿಂಗ ಕೇಳುವುದೂ ಹೇಳುವುದೂ 1994ರ ಕಾಯ್ದೆಯ ಪ್ರಕಾರ ಅಪರಾಧ. ಮನೆಯಲ್ಲಿ ಒಂದೇ ಪಟ್ಟಿ ತಯಾರಾಗುತ್ತಿದೆ ಎಂದರೆ ಯಾರಿಗೋ ಗಂಡೇ ಬೇಕಾಗಿದೆ ಎಂದರ್ಥ. ಅದನ್ನು ಆಗಲೇ ಮಾತಾಡಿ ಮುಗಿಸುವುದು ಒಳ್ಳೆಯದು.

ಮೊಬೈಲ್ ತೆಗೆಯುವ ಮುಂಚೆ ಅಟ್ಟದ ಮೇಲಿನ ಪೆಟ್ಟಿಗೆ ತೆಗೆಯಿರಿ. ಹಳೆಯ ಮದುವೆ ಕಾಗದಗಳ ಕೊನೆಯಲ್ಲಿ ‘ತಮ್ಮ ಸುಖಾಗಮನ ಬಯಸುವ’ ಎಂಬುದರ ಕೆಳಗೆ ಮೂರು ತಲೆಮಾರಿನ ಹೆಸರು ಸಾಲಾಗಿ ಇರುತ್ತದೆ. ಗುಲಾಬಿ, ಜಲಜ, ಮುತ್ತು, ಅಕ್ಕಣಿ, ಸೀತು, ಸಾಧು. ಗಂಡಸರಲ್ಲಿ ಬಚ್ಚ, ಹೆರಿಯ, ಮಾಸ್ತಿ, ಜಟ್ಟಪ್ಪ, ನರಸಿಂಹ. ಜಟ್ಟಪ್ಪ, ಮಾಸ್ತಿ ಎಂಬವು ನಂಬಿದ ದೈವದ ಹೆಸರಿನಿಂದ ಬಂದವು. ಹೆರಿಯ ಎಂಬುದು ಹಿರಿಯ ಮಗನಿಗೆ. ಬಡಗುತಿಟ್ಟಿನ ಯಕ್ಷಗಾನ ಬಲ್ಲವರಿಗೆ ಮೊಳಹಳ್ಳಿ ಹೆರಿಯ ನಾಯ್ಕರು ಗೊತ್ತು. ಇವನ್ನೆಲ್ಲ ಹಾಗೆಯೇ ಇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಜಲಜ, ಗುಲಾಬಿ ಎಂಬ ಹೆಸರು ಇವತ್ತಿನ ಎಲ್‌ಕೆಜಿ ತರಗತಿಯಲ್ಲಿ ಒಬ್ಬಳಿಗಾದರೂ ಇದ್ದರೆ ಟೀಚರು ಅದನ್ನು ಮೊದಲ ದಿನವೇ ನೆನಪಿಟ್ಟುಕೊಳ್ಳುತ್ತಾರೆ. ಅನ್ವಿಕಾ, ಅದ್ವಿಕಾ, ಹನ್ವಿಕಾಗಳ ನಡುವೆ ಅದೂ ಒಂದು ಅನುಕೂಲ.

ನದಿಗಳ ಹೆಸರೂ ಇವೆ. ಹಂಗಾರಕಟ್ಟೆ, ಕೋಡಿ ಬೆಂಗ್ರೆಯ ಅಳಿವೆಗೆ ಬರುವ ನೀರು ಸೀತೆಯದೂ ಸುವರ್ಣೆಯದೂ. ಗಂಗೊಳ್ಳಿಯ ಕಡೆಗೆ ಹೋದರೆ ಸೌಪರ್ಣಿಕಾ, ವಾರಾಹಿ, ಚಕ್ರಾ. ಅಲ್ಲೇ ಸೇರುವ ಕುಬ್ಜಾ ನದಿಯ ಹೆಸರನ್ನು ಮಾತ್ರ ಮಗಳಿಗೆ ಇಡಬೇಡಿ, ದೊಡ್ಡವಳಾದ ಮೇಲೆ ಅರ್ಥ ಕೇಳುತ್ತಾಳೆ. ಸುವರ್ಣಾ ಚೆಂದದ ಹೆಸರು, ಆದರೆ ಮೊಗವೀರರಲ್ಲಿ ಸುವರ್ಣ ಎಂಬ ಮನೆತನದ ಹೆಸರೂ ಇದೆ. ಅಂಥವರ ಮನೆಯಲ್ಲಿ ಮಗು ‘ಸುವರ್ಣಾ ಸುವರ್ಣ’ ಆದೀತು. ಸೀತಾ ಎಂಬುದು ಹಳತಾಯಿತು ಎನಿಸಿದರೆ ಅದೇ ಸೀತೆಗೆ ಜಾನಕಿ, ಮೈಥಿಲಿ, ವೈದೇಹಿ ಎಂಬ ಹೆಸರುಗಳಿವೆ. 1945ರಲ್ಲಿ ಕುಂದಾಪುರದಲ್ಲಿ ಹುಟ್ಟಿದ ನಮ್ಮ ದೊಡ್ಡ ಕತೆಗಾರ್ತಿ ದಾಖಲೆಯಲ್ಲಿ ಜಾನಕಿ ಶ್ರೀನಿವಾಸಮೂರ್ತಿ, ಓದುಗರಿಗೆ ವೈದೇಹಿ. ಆ ಎರಡನೆಯ ಹೆಸರನ್ನು ಕೊಟ್ಟದ್ದು ಒಂದು ಪತ್ರಿಕೆಯ ಸಂಪಾದಕರು. ಎರಡೂ ಸೀತೆಯ ಹೆಸರೇ ಎಂಬುದು ಸೊಗಸು.

ದೇವರ ಹೆಸರಿಗಂತೂ ಬರವಿಲ್ಲ. ಸಾಲಿಗ್ರಾಮದ ಗುರುನರಸಿಂಹ, ಆನೆಗುಡ್ಡೆಯ ವಿನಾಯಕ, ಮಂದಾರ್ತಿಯ ದುರ್ಗೆ, ಕೊಲ್ಲೂರಿನ ಮೂಕಾಂಬಿಕೆ. ಕೋಟದ ಅಮೃತೇಶ್ವರಿಯನ್ನು ಹಲವು ಮಕ್ಕಳ ತಾಯಿ ಎಂದೇ ಕರೆಯುತ್ತಾರೆ. ಮಕ್ಕಳಿಗಾಗಿ ಅಲ್ಲಿ ಹರಕೆ ಹೊತ್ತವರು ಹೆಣ್ಣಾದರೆ ಅಮೃತಾ ಎಂದು ಇಡುವುದು ಸಹಜ. ಹರಕೆಯ ಹೆಸರು ಮತ್ತು ನಿಮಗೆ ಮೆಚ್ಚಿದ ಹೆಸರು ಬೇರೆ ಬೇರೆಯಾದರೆ ಜಗಳಕ್ಕೆ ಹೋಗಬೇಡಿ. ಹರಕೆಯದನ್ನು ಮೊದಲು ತೊಟ್ಟಿಲಲ್ಲಿ ಕರೆಯಿರಿ, ದಾಖಲೆಗೆ ಇನ್ನೊಂದನ್ನು ಕೊಡಿ. ಅಮ್ಮ ಮುನಿಯುತ್ತಾಳೆ ಎಂದು ಹೇಳುವವರು ಸಾಮಾನ್ಯವಾಗಿ ಅಮ್ಮನಿಗಿಂತ ಹೆಚ್ಚು ಮುನಿಯುವ ನೆಂಟರು.

ಯಕ್ಷಗಾನದಿಂದ ಹೆಸರು ತರುವವರೂ ಇದ್ದಾರೆ. ಹಂಗಾರಕಟ್ಟೆಯ ಹೆಸರು ಹೊತ್ತ ಯಕ್ಷಗಾನ ಕಲಾಕೇಂದ್ರ ಇರುವ ಸೀಮೆ ಇದು. ಚಂದ್ರಹಾಸ, ಸುಧನ್ವ, ಅಭಿಮನ್ಯು, ಕನಕಾಂಗಿ, ಪ್ರಭಾವತಿ ಎಂಬವು ಮಕ್ಕಳ ಕಿವಿಗೆ ಚೆಂಡೆಯ ಜತೆಗೇ ಬಿದ್ದಿರುತ್ತವೆ. ಒಂದು ಎಚ್ಚರ: ಹೆಸರಿನ ಜತೆ ಕತೆಯೂ ಬರುತ್ತದೆ. ಅಭಿಮನ್ಯು ಎಂದು ಇಟ್ಟರೆ ಚಕ್ರವ್ಯೂಹದ ಮಾತು ಎತ್ತುವ ಮಾವ ಒಬ್ಬ ಎಲ್ಲ ಸಮಾರಂಭದಲ್ಲೂ ಇರುತ್ತಾನೆ.

ದೇವರೂ ಬೇಡ, ಅಜ್ಜನೂ ಬೇಡ ಎನ್ನುವವರು ತಾವೇ ಮೊದಲಿಗರು ಎಂದುಕೊಳ್ಳಬೇಕಾಗಿಲ್ಲ. ಹಂಗಾರಕಟ್ಟೆಗೆ ಹತ್ತಿರದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ಮಕ್ಕಳಿಗೆ ಇಟ್ಟ ಹೆಸರು ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ. ಒಬ್ಬಳು ಕಾಳಿದಾಸನ ನಾಟಕದ ನಾಯಿಕೆ, ಉಳಿದವು ಮನಸ್ಸಿನ ಭಾವಗಳು. ನಾಲ್ಕೂ ಎರಡರಿಂದ ನಾಲ್ಕು ಅಕ್ಷರದೊಳಗಿನವು, ಅರ್ಥಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಹೆಸರು ಆರಿಸುವವರು ಈ ನಾಲ್ಕನ್ನು ಒಮ್ಮೆ ಬಾಯಲ್ಲಿ ಹೇಳಿ ನೋಡಬೇಕು. ಈಗಿನ ಪಟ್ಟಿಗಳಲ್ಲಿ ಇಂಥವು ಕಡಿಮೆ.

ಅಂತರ್ಜಾಲದ ಪಟ್ಟಿಗಳ ಬಗ್ಗೆ ನನಗೆ ಅನುಮಾನ ಜಾಸ್ತಿ. ಯಾವ ಹೆಸರನ್ನು ಕೇಳಿದರೂ ಅಲ್ಲಿ ‘ವಿಷ್ಣುವಿನ ಅಂಶ’ ಅಥವಾ ‘ಸೂರ್ಯನ ಮೊದಲ ಕಿರಣ’ ಎಂಬ ಅರ್ಥ ಸಿದ್ಧವಾಗಿರುತ್ತದೆ. ಹಿಂದೆ ಒಂದು ಅಕ್ಷರ, ಮುಂದೆ ‘ಆಂಶ್’ ಎಂದು ಅಂಟಿಸಿ ಹೆಸರು ಉತ್ಪಾದಿಸುವ ಕಾರ್ಖಾನೆಯೇ ನಡೆಯುತ್ತಿದೆ. ಕೇಳಲು ಹಿತ ಎನಿಸಿದರೆ ಇಡಿ, ಅದು ತಪ್ಪಲ್ಲ. ಅರ್ಥ ಮುಖ್ಯ ಎನ್ನುವವರು ಮಾತ್ರ ನಿಘಂಟು ನೋಡಿ. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಅಚ್ಚು ಮಾಡಿದ ಕಿಟ್ಟೆಲರ ನಿಘಂಟು ಅಂತರ್ಜಾಲದಲ್ಲಿ ಸಿಗುತ್ತದೆ. ವಿ. ಕೃಷ್ಣ ಅವರ ‘ಅಲರ್’ ನಿಘಂಟು ಮೊಬೈಲಿನಲ್ಲೇ ತೆರೆಯುತ್ತದೆ. ಎರಡು ನಿಮಿಷದ ಕೆಲಸ. ಅನಾಮಿಕಾ ಎಂದರೆ ಉಂಗುರದ ಬೆರಳು, ಇನ್ನೊಂದು ಅರ್ಥ ಹೆಸರಿಲ್ಲದವಳು ಎಂದು ಅಷ್ಟರಲ್ಲಿ ಗೊತ್ತಾಗುತ್ತದೆ. ಹೆಸರಿಲ್ಲದವಳು ಎಂಬ ಹೆಸರಿಗೆ ಅಷ್ಟು ಖರ್ಚಿನ ನಾಮಕರಣ ಬೇಕೇ ಎಂದು ಆಮೇಲೆ ಯೋಚಿಸಬಹುದು.

ಅಚ್ಚಗನ್ನಡದ ಹೆಸರುಗಳಲ್ಲಿ ಸಿರಿ, ಇಂಚರ, ಇಬ್ಬನಿ, ನೇಸರ ಈಗ ಚಾಲ್ತಿಯಲ್ಲಿವೆ. ಸಿರಿ ತುಳುನಾಡಿನ ಪಾಡ್ದನದ ನಾಯಕಿಯೂ ಹೌದು. ಆದರೆ ಮುಂಬೈಯಿಂದ ಐಫೋನ್ ಹಿಡಿದು ಬಂದ ಚಿಕ್ಕಪ್ಪ ಮನೆಯಲ್ಲಿದ್ದಾಗ ಮಗಳನ್ನು ಕರೆದರೆ ಫೋನು ಓಗೊಡುವುದೂ ಉಂಟು.

ನಕ್ಷತ್ರದ ಅಕ್ಷರ

ಹೆರಿಗೆಯ ಗಳಿಗೆಯನ್ನು ಆಸ್ಪತ್ರೆಯ ದಾಖಲೆಯಿಂದಲೇ ಬರೆದುಕೊಳ್ಳಿ, ಹೊರಗೆ ನಿಂತವರ ಗಡಿಯಾರದಿಂದಲ್ಲ. ಚಂದ್ರ ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ ಬೇಕು, ಅದರ ಒಂದು ಪಾದಕ್ಕೆ ಸುಮಾರು ಆರು ಗಂಟೆ. ಐದು ಹತ್ತು ನಿಮಿಷದ ಹೆಚ್ಚುಕಡಿಮೆಯಿಂದ ಅಕ್ಷರ ಬದಲಾಗುವುದು ಪಾದದ ಅಂಚಿನಲ್ಲಿ ಹುಟ್ಟಿದವರಿಗೆ ಮಾತ್ರ. ಒಳ್ಳೆಯ ನಕ್ಷತ್ರಕ್ಕೆಂದು ಸಿಸೇರಿಯನ್ನಿನ ದಿನ ಹಿಂದುಮುಂದು ಮಾಡಿ ಎಂದು ವೈದ್ಯರಿಗೆ ದುಂಬಾಲು ಬೀಳುವವರಿಗೆ ಹೇಳುವ ಮಾತು ಒಂದೇ: ದಿನ ನಿಶ್ಚಯಿಸುವುದು ವೈದ್ಯರ ಕೆಲಸ.

27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಅಶ್ವಿನಿಯಲ್ಲಿ ಹುಟ್ಟಿದರೆ ಚು, ಚೇ, ಚೋ, ಲಾ. ರೋಹಿಣಿಯಾದರೆ ಓ, ವಾ, ವೀ, ವೂ. ಅದೃಷ್ಟವಂತರು, ವಾಣಿ, ವೀಣಾ ಎಂದು ಹತ್ತಾರು ಸಿಗುತ್ತವೆ. ಕಷ್ಟ ಬರುವುದು ಆರ್ದ್ರೆಯ ಮೂರನೆಯ ಪಾದಕ್ಕೆ. ಅದರ ಅಕ್ಷರ ಙ. ಹಸ್ತದ ಮೂರನೆಯದಕ್ಕೆ ಣ, ಉತ್ತರಾಭಾದ್ರೆಯ ಕೊನೆಯದಕ್ಕೆ ಞ. ಈ ಅಕ್ಷರಗಳಿಂದ ಶುರುವಾಗುವ ಹೆಸರು ಯಾವ ಪುರೋಹಿತರ ಬಳಿಯೂ ಇಲ್ಲ; ಅವರೇ ನಕ್ಕು, ಹತ್ತಿರದ ಪಾದದ ಅಕ್ಷರ ಹಿಡಿಯಿರಿ ಎನ್ನುತ್ತಾರೆ.

ಈ ಬಿಕ್ಕಟ್ಟಿಗೆ ಶಾಸ್ತ್ರದಲ್ಲೇ ದಾರಿ ಇದೆ. ನಾಮಕರಣದಲ್ಲಿ ಮಗುವಿಗೆ ಇಡುವುದು ಒಂದೇ ಹೆಸರಲ್ಲ. ಕುಲದೇವರ ಹೆಸರು ಒಂದು, ಹುಟ್ಟಿದ ಮಾಸದ ಹೆಸರು ಒಂದು, ನಕ್ಷತ್ರದ ಹೆಸರು ಒಂದು, ವ್ಯವಹಾರದ ಹೆಸರು ಒಂದು. ನಕ್ಷತ್ರನಾಮ ಪೂಜೆ, ಸಂಕಲ್ಪಗಳಿಗೆ. ಲೋಕದಲ್ಲಿ ಓಡಾಡುವುದು ವ್ಯವಹಾರನಾಮ. ಅಕ್ಷರಕ್ಕೆ ಕಟ್ಟುಬಿದ್ದು ದಾಖಲೆಯ ಹೆಸರನ್ನು ತಿರುಚುವ ಅಗತ್ಯ ಇಲ್ಲ ಎಂದು ನಿಮ್ಮ ಪುರೋಹಿತರ ಬಾಯಿಂದಲೇ ಹೇಳಿಸಿ, ಅತ್ತೆ ಮಾವ ಒಪ್ಪುತ್ತಾರೆ. ಅಜ್ಜನ ಹೆಸರನ್ನು ಇಡಲೇಬೇಕು ಎಂಬ ಮನೆಗಳಲ್ಲೂ ಇದೇ ದಾರಿ.

ಅಮೆ (ಹುಟ್ಟಿನ ಸೂತಕ) ಕಳೆದು ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ಅಕ್ಕಿ ಹರಡಿದ ತಟ್ಟೆಯಲ್ಲಿ ಉಂಗುರದಿಂದ ಹೆಸರು ಬರೆಯುವವರಿದ್ದಾರೆ, ಅನುಕೂಲ ನೋಡಿ ತಿಂಗಳ ಮೇಲೆ ತೊಟ್ಟಿಲಿಗೆ ಹಾಕುವವರಿದ್ದಾರೆ. ಮುಸ್ಲಿಂ ಮನೆಗಳಲ್ಲಿ ಏಳನೆಯ ದಿನ ಅಖೀಖಾ. ಬಾರ್ಕೂರು, ಬ್ರಹ್ಮಾವರದ ಕ್ರೈಸ್ತರಲ್ಲಿ ಚರ್ಚಿನಲ್ಲಿ ದೀಕ್ಷಾಸ್ನಾನದ ದಿನ ಸಂತರ ಹೆಸರು. ತಡವಾಗಿ ಮಾಡುವ ಮನೆಗಳು ನೆನಪಿಡಬೇಕಾದ್ದು ಇಷ್ಟೇ: 21 ದಿನದ ಲೆಕ್ಕ ಸಮಾರಂಭಕ್ಕೆ ಕಾಯುವುದಿಲ್ಲ.

ಬಾಯಿಗೆ ಬಂದಾಗ

ಪಟ್ಟಿ ನಾಲ್ಕೈದಕ್ಕೆ ಇಳಿದ ಮೇಲೆ ಹೆಸರನ್ನು ಕೂಗಿ ನೋಡಿ. ಹಂಗಾರಕಟ್ಟೆಯ ದಕ್ಕೆಯಲ್ಲಿ ನಿಂತು ಆಚೆ ದೋಣಿಯಲ್ಲಿರುವವನನ್ನು ಕರೆಯುವಷ್ಟು ಗಟ್ಟಿಯಾಗಿ. ಕೊನೆಯಲ್ಲಿ ಸ್ವರ ಇರುವ ಹೆಸರು ದೂರ ಹೋಗುತ್ತದೆ. ‘ಉಲ್ಲಾಸಾ’ ಎಂದು ಎಳೆಯಬಹುದು, ‘ರಿಯಾನ್ಶ್’ ಎಂದು ಎಳೆಯಲು ಆಗದು.

ಆಮೇಲೆ ಅದನ್ನು ಮನೆಯ ಅತಿ ಹಿರಿಯರ ಬಾಯಲ್ಲಿ ಹೇಳಿಸಿ. ಕುಂದಗನ್ನಡ ಹೆಸರಿನ ನಡುವಿನ ಸ್ವರವನ್ನು ನುಂಗಿಬಿಡುತ್ತದೆ. ಶಾರದಾ ಶಾರ್ದಕ್ಕ, ನರಸಿಂಹ ನರ್ಸಿಂಹ, ಗಣಪತಿ ಗಣ್ಪತಿ, ಕೃಷ್ಣ ಕುಷ್ಟ. ‘ಹ್ವಾಯ್, ಮಾಣಿಗೆ ಎಂತ ಹೆಸ್ರಿಟ್ರಿ?’ ಎಂದು ಕೇಳಿದವರಿಗೆ ‘ವ್ಯೋಮ್’ ಎಂದರೆ ಎರಡನೆಯ ಸಲ ಕೇಳುತ್ತಾರೆ, ಮೂರನೆಯ ಸಲ ‘ಓ, ಓಂ’ ಎಂದು ತಾವೇ ತೀರ್ಮಾನಿಸುತ್ತಾರೆ. ಇಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ತುಳು, ಗಂಗೊಳ್ಳಿಯ ಖಾರ್ವಿಗಳ ಮನೆಯಲ್ಲಿ ಕೊಂಕಣಿ, ಮುಂಬೈಯ ನೆಂಟರಲ್ಲಿ ಅರ್ಧ ಹಿಂದಿ. ಈ ನಾಲ್ಕೂ ಬಾಯಲ್ಲಿ ಒಂದೇ ರೀತಿ ಕೇಳಿಸುವ ಹೆಸರಾದರೆ ಮಗುವಿಗೆ ಸುಖ. ಅಜ್ಜಿ ಹೇಗೂ ‘ಮಾಣಿ’ ಎಂದೇ ಕರೆದಾರು, ಅದು ಬೇರೆ.

ಅವಳಿಗಳಿಗೆ ಆರವ್, ಆರುಷ್ ಎಂದು ಒಂದೇ ಅಕ್ಷರದಿಂದ ಇಡುವವರು ಲಸಿಕೆ ಕಾರ್ಡು ಅದಲುಬದಲಾದಾಗ ಪರಿತಪಿಸುತ್ತಾರೆ.

ಹೆಸರಿನ ಬಾಲ

ಕರಾವಳಿಯಲ್ಲಿ ಎಲ್ಲಕ್ಕಿಂತ ತೊಡಕಿನ ವಿಷಯ ಇದು. ಊರಿನ ಹೆಸರು ಮುಂದೆ, ಇಟ್ಟ ಹೆಸರು ನಡುವೆ, ಮನೆತನದ ಹೆಸರು ಕೊನೆಗೆ ಎಂಬುದು ಹಳೆಯ ಕ್ರಮ: ಕೋಟ ಶಿವರಾಮ ಕಾರಂತ, ಗುಂಡ್ಮಿ ಕಾಳಿಂಗ ನಾವಡ, ಐರೋಡಿ ಗೋವಿಂದಪ್ಪ. ಬೆಂಗಳೂರಿನ ಎಂಟಿಆರ್ ಹೋಟೆಲಿನ ಯಜ್ಞನಾರಾಯಣ ಮಯ್ಯರ ಹೆಸರಿನ ಮುಂದಿನ ‘ಪಿ’ ಎಂದರೆ ಸಾಲಿಗ್ರಾಮದ ಪಕ್ಕದ ಪಾರಂಪಳ್ಳಿ. ಈ ಇನಿಶಿಯಲ್ ಪದ್ಧತಿಗೂ ಇಂದಿನ ಅರ್ಜಿಗಳಿಗೂ ಹೊಂದುವುದಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ನಡೆಯದು, ಬಿಡಿಸಿ ಬರೆಯಬೇಕು. ಬಿಡಿಸಿದರೆ ಜನನ ಪ್ರಮಾಣಪತ್ರದ ಹೆಸರಿಗೆ ತಾಳೆಯಾಗದು. ಆದ್ದರಿಂದ ಮಗುವಿನ ಹೆಸರಿನಲ್ಲಿ ಒಂಟಿ ಅಕ್ಷರಗಳನ್ನು ಹಾಕಲೇಬೇಡಿ. ತಂದೆಯ ಹೆಸರೋ ಊರೋ ಬೇಕೆಂದರೆ ಪೂರ್ತಿ ಬರೆಸಿ.

ಬರೀ ಒಂದೇ ಪದದ ಹೆಸರೂ ಬೇಡ. ‘ಸನ್ನಿಧಿ’ ಅಷ್ಟೇ ಸಾಕು, ಜಾತಿಯ ಬಾಲ ಬೇಡ ಎನ್ನುವ ತಂದೆ ತಾಯಿಯರ ಮೇಲೆ ನನಗೆ ಗೌರವವಿದೆ. ಆದರೆ 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಸುತ್ತೋಲೆ ಕಳಿಸಿದಾಗ ಎಷ್ಟೋ ಮನೆಗಳಲ್ಲಿ ಗಡಿಬಿಡಿಯಾಯಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರಿದ್ದರೆ ಆದೀತು ಎಂದು ಆಮೇಲೆ ಸಡಿಲಿಸಿದರು. ನಮ್ಮ ಕಡೆ ದುಬೈಯಲ್ಲಿ ಒಬ್ಬ ಚಿಕ್ಕಪ್ಪನಾದರೂ ಇಲ್ಲದ ಮನೆ ಕಡಿಮೆ. ಜಾತಿ ಸೂಚಿಸದ ಎರಡನೆಯ ಪದ ಬೇಕಾದಷ್ಟಿದೆ: ತಾಯಿಯ ಹೆಸರು, ತಂದೆಯ ಹೆಸರು, ಊರಿನ ಹೆಸರು.

ತಾಯಿಯ ಕಡೆಯ ಹೆಸರು ಎಂದರೆ ಹುಬ್ಬೇರಿಸುವವರಿಗೆ ಬಾರ್ಕೂರನ್ನು ನೆನಪಿಸಬೇಕು. ಅಳಿಯಸಂತಾನದ ಮೂಲವನ್ನು ನಮ್ಮ ಜನ ಹೇಳುವುದೇ ಬಾರ್ಕೂರಿನ ಭೂತಾಳ ಪಾಂಡ್ಯನ ಕತೆಯಿಂದ. ಬಂಟರಲ್ಲಿ, ಮೊಗವೀರರಲ್ಲಿ ‘ಬಳಿ’, ಅಂದರೆ ಕುಲ, ಬರುವುದು ಇಂದಿಗೂ ತಾಯಿಯಿಂದ. ಕಾಗದದಲ್ಲಿ ಮಾತ್ರ ಅದು ತಂದೆಯ ಕಡೆಗೆ ಹೊರಳಿದೆ. ತಂದೆ ಹೆಗ್ಡೆ, ತಾಯಿ ಶೆಟ್ಟಿ ಆಗಿದ್ದರೆ ಮಗು ಯಾವುದಾಗಬೇಕು ಎಂಬುದು ಇಬ್ಬರೂ ಕೂತು ತೀರ್ಮಾನಿಸುವ ವಿಷಯ. ತಂದೆಯದೇ ಆಗಬೇಕೆಂಬ ಕಾನೂನಿಲ್ಲ. ತಂದೆ ತೀರಿಕೊಂಡ ಮಗುವಿನ ಪ್ರಕರಣವೊಂದರಲ್ಲಿ, ಸಹಜ ಪಾಲಕಿಯಾದ ತಾಯಿಗೆ ಮಗುವಿನ ಉಪನಾಮ ನಿರ್ಧರಿಸುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅಣ್ಣ ತಂಗಿಗೆ ಬೇರೆ ಬೇರೆ ಉಪನಾಮ ಮಾತ್ರ ಬೇಡ, ಶಾಲೆಯಲ್ಲೂ ವಿಮಾನ ನಿಲ್ದಾಣದಲ್ಲೂ ವಿವರಣೆ ಕೊಟ್ಟು ಸುಸ್ತಾಗುತ್ತದೆ.

ಒಂದಕ್ಷರದ ಬೆಲೆ

ಚಂದ್ರಹಾಸ ಪ್ರಸಂಗ ನೋಡಿದವರಿಗೆ ಒಂದಕ್ಷರದ ಮಹಿಮೆ ಹೇಳಿಕೊಡಬೇಕಾಗಿಲ್ಲ. ಚಂದ್ರಹಾಸನಿಗೆ ವಿಷ ಕೊಡು ಎಂದು ದುಷ್ಟಬುದ್ಧಿ ಮಗ ಮದನನಿಗೆ ಓಲೆ ಬರೆದ. ಮಗಳು ವಿಷಯೆ ಅದರಲ್ಲಿ ಒಂದಕ್ಷರ ತಿದ್ದಿದಳು, ವಿಷ ಹೋಗಿ ವಿಷಯೆ ಆಯಿತು, ಸಾಯಬೇಕಾದವನಿಗೆ ಮದುವೆಯಾಯಿತು. ನಮ್ಮ ಸರ್ಕಾರಿ ದಾಖಲೆಗಳಲ್ಲಿ ಅಕ್ಷರ ಬದಲಾದಾಗ ಫಲ ಇಷ್ಟು ಶುಭವಾಗಿರುವುದಿಲ್ಲ.

ಕರ್ನಾಟಕದ ಜನನ ಪ್ರಮಾಣಪತ್ರದಲ್ಲಿ ಹೆಸರು ಕನ್ನಡದಲ್ಲೂ ಇರುತ್ತದೆ, ಇಂಗ್ಲಿಷಿನಲ್ಲೂ ಇರುತ್ತದೆ. ಕನ್ನಡದಲ್ಲಿ ತಪ್ಪಾಗುವುದು ಳಕಾರ, ಣಕಾರ, ಮಹಾಪ್ರಾಣಗಳಲ್ಲಿ: ಮಾಳವಿಕಾ ಮಾಲವಿಕಾ ಆಗುತ್ತಾಳೆ, ಧನುಷ್ ದನುಷ್ ಆಗುತ್ತಾನೆ. ಇಂಗ್ಲಿಷಿನಲ್ಲಿ ಆಯ್ಕೆಯೇ ನಿಮ್ಮದು. ಅದಿತಿ ಎಂಬಲ್ಲಿ ‘ತಿ’ಗೆ ಬರೀ ಟಿ ಹಾಕುವುದೋ, ಟಿ ಎಚ್ ಹಾಕುವುದೋ? ದಕ್ಷಿಣದವರು ಎಚ್ ಸೇರಿಸುತ್ತಾರೆ, ಉತ್ತರದವರು ಸೇರಿಸುವುದಿಲ್ಲ. ಎರಡೂ ಸರಿಯೇ, ಆದರೆ ಮಗುವಿನ ಎಲ್ಲ ಕಾಗದದಲ್ಲೂ ಒಂದೇ ಇರಬೇಕು. ದೀರ್ಘಕ್ಕೆ ಎ ಎರಡು ಬೇಕೋ ಒಂದು ಸಾಕೋ, ಕೊನೆಯ ಎ ಬೇಕೋ ಬೇಡವೋ, ಇವನ್ನೆಲ್ಲ ಒಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಆಸ್ಪತ್ರೆಯ ಚೀಲದಲ್ಲಿ ಇಟ್ಟುಕೊಳ್ಳಿ. ಬಾಯಲ್ಲಿ ಹೇಳಿ ಬರೆಸುವುದು ಬೇಡ. ಸಂಖ್ಯಾಶಾಸ್ತ್ರ ನಂಬುವವರು ಹೆಚ್ಚುವರಿ ಅಕ್ಷರವನ್ನು ಈಗಲೇ ಸೇರಿಸಿಬಿಡಿ. ನನಗೆ ಅದರಲ್ಲಿ ನಂಬಿಕೆ ಇಲ್ಲ, ಆದರೆ ಹುಡುಗ ಹತ್ತನೆಯ ತರಗತಿ ಮುಗಿಸಿದ ಮೇಲೆ ಸೇರಿಸಲು ಹೊರಟವರ ಓಡಾಟ ನೋಡಿದ್ದೇನೆ.

ಮಗುವಿನ ಹೆಸರಿನಷ್ಟೇ ಎಚ್ಚರ ತಂದೆ ತಾಯಿಯ ಹೆಸರಿನ ಬಗ್ಗೆಯೂ ಬೇಕು. ತಾಯಿಯ ಆಧಾರಿನಲ್ಲಿ ತವರಿನ ಹೆಸರು, ತಾಯಿ ಕಾರ್ಡಿನಲ್ಲಿ ಗಂಡನ ಮನೆಯ ಹೆಸರು ಇರುವುದು ಸಾಮಾನ್ಯ. ಹೆರಿಗೆಗೆ ಮೊದಲೇ ಎರಡನ್ನೂ ಒಂದು ಮಾಡಿಸಿ. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ ಎಂಬುದು ನೆನಪಿರಲಿ. ಐದು ವರ್ಷದೊಳಗಿನ ಮಗುವಿನ ಬಾಲ ಆಧಾರ್ ಮಾಡಿಸುವಾಗ ಬೆರಳಚ್ಚು ತೆಗೆಯುವುದಿಲ್ಲ, ತಂದೆ ಅಥವಾ ತಾಯಿಯ ಆಧಾರಿಗೆ ಜೋಡಿಸುತ್ತಾರೆ. ಕೈಯಲ್ಲಿ ಜನನ ಪ್ರಮಾಣಪತ್ರ ಇರಬೇಕು, ಅದರಲ್ಲಿ ಹೆಸರು ಬಂದಿರಬೇಕು. ಹೆಸರಿಲ್ಲದ ಪ್ರಮಾಣಪತ್ರ ಹಿಡಿದುಕೊಂಡು ಹೋಗುವುದು ಸುಮ್ಮನೆ ದಂಡ.

ಬರೆಸಿದ ಮೇಲೆ ಮನಸ್ಸು ಬದಲಾದರೆ? ಕಾಯ್ದೆಯ 15ನೆಯ ಕಲಂ ಅವಕಾಶ ಕೊಡುವುದು ತಪ್ಪಾಗಿ ಅಥವಾ ಮೋಸದಿಂದ ದಾಖಲಾದದ್ದನ್ನು ತಿದ್ದಲು. ಇಷ್ಟವಾಗಲಿಲ್ಲ ಎಂದು ಬೇರೆ ಹೆಸರು ಇಡಲು ಅದರಲ್ಲಿ ದಾರಿಯಿಲ್ಲ. ಜಾತಕಕ್ಕೆ ಹೊಂದುವುದಿಲ್ಲ ಎಂದು ಎರಡು ವರ್ಷದ ಮಗುವಿನ ಹೆಸರು ಬದಲಿಸಲು ಹೊರಟ ತಂದೆ ತಾಯಿ ಕರ್ನಾಟಕ ಹೈಕೋರ್ಟಿನವರೆಗೆ ಹೋಗಬೇಕಾಯಿತು. 2025ರಲ್ಲಿ ತೀರ್ಪು ಕೊಟ್ಟ ನ್ಯಾಯಾಲಯ, ಕಾಯ್ದೆಯಲ್ಲಿ ಇದಕ್ಕೆ ಅವಕಾಶ ಇಲ್ಲ ಎಂಬುದನ್ನು ಒಪ್ಪಿ, ಕಾನೂನು ತಿದ್ದುವವರೆಗೆ ತಂದೆ ತಾಯಿ ಪ್ರಮಾಣ ಮಾಡಿ ಕೇಳಿದರೆ ಪರಿಶೀಲಿಸಿ ಬದಲಿಸಿಕೊಡಿ, ದಾಖಲೆಯಲ್ಲಿ ಹಳೆಯ ಹೆಸರೂ ಹೊಸ ಹೆಸರೂ ಎರಡೂ ಇರಲಿ ಎಂದಿತು. ದಾರಿ ತೆರೆಯಿತು ನಿಜ, ಆದರೆ ಹಳೆಯದು ಅಳಿಸಿಹೋಗುವುದಿಲ್ಲ. ದೊಡ್ಡವರಾದ ಮೇಲೆ ಬದಲಿಸುವುದಾದರೆ ಅಫಿಡವಿಟ್ಟು, ಪತ್ರಿಕೆಯಲ್ಲಿ ಜಾಹೀರಾತು, ರಾಜ್ಯಪತ್ರ ಎಂದು ಸಾಲು ಉದ್ದವಾಗುತ್ತದೆ. ಹಂಗಾರಕಟ್ಟೆ ಮತ್ತು ಮಲ್ಪೆಯ ಹಡಗುಕಟ್ಟೆ 2022ರಲ್ಲಿ ಟೆಬ್ಮಾ ಎಂಬ ಹೆಸರು ಬಿಟ್ಟು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಆಯಿತು. ಅಂಥ ಕಾಗದಪತ್ರಕ್ಕೆ ಕಂಪನಿಗೆ ಕಚೇರಿ ತುಂಬ ಜನ ಇರುತ್ತಾರೆ, ನಿಮಗೆ ಇರುವುದು ಬಾಣಂತನದ ನಡುವೆ ಸಿಕ್ಕ ಅರ್ಧ ದಿನ ರಜೆ.

ಹೆಸರು ಸೇರಿಸಲು ಹೋಗುವಾಗ ನೋಂದಣಿ ಸಂಖ್ಯೆ, ತಂದೆ ತಾಯಿ ಇಬ್ಬರ ಆಧಾರ್ ಪ್ರತಿ, ಹೆಸರನ್ನು ಎರಡೂ ಭಾಷೆಯಲ್ಲಿ ಬರೆದ ಆ ಚೀಟಿ ಇಟ್ಟುಕೊಂಡು ಹೋಗಿ. ಬೆರಳಚ್ಚು ಮಾಡಿದವರು ಮುದ್ರಿಸುವ ಮುಂಚೆ ಪರದೆ ತೋರಿಸಿ ಎಂದು ಕೇಳಿ, ಸಂಕೋಚ ಬೇಡ. ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಲಿಂಗ, ವಿಳಾಸ ಎಂದು ಬೆರಳಿಟ್ಟು ಓದಿ. ಒಬ್ಬರು ಕನ್ನಡ ಓದುವಾಗ ಇನ್ನೊಬ್ಬರು ಇಂಗ್ಲಿಷ್ ನೋಡಲಿ. ತಪ್ಪಿದ್ದರೆ ಅಲ್ಲೇ ಹೇಳಿದರೆ ಒಂದು ನಿಮಿಷದಲ್ಲಿ ಸರಿಯಾಗುತ್ತದೆ. ಮನೆಗೆ ಬಂದು ನೋಡಿದರೆ ಅರ್ಜಿ ಬರೆಯಬೇಕು. ಎರಡು ಮೂರು ಪ್ರತಿ ಅಂದೇ ತೆಗೆಸಿ, ಒಂದನ್ನು ತವರಿನಲ್ಲಿ ಬಿಡಿ.